ಹೋಮ್‌ಸ್ಟೇ ಎಂದು ಮಾರಿದ ಬಂಗಲೆ, ಹೋಮ್‌ಸ್ಟೇ ಆಗಿದ್ದ ಮನೆ: ಮೂಡಿಗೆರೆ ಸೀಮೆಯ ಎರಡು ರಾತ್ರಿಗಳು

ಕಳೆದ ಡಿಸೆಂಬರ್‌ನ ಕೊನೆಯ ವಾರ ನಮ್ಮ ಮನೆಯ ಆರು ಮಂದಿ ಮೂಡಿಗೆರೆ ಸೀಮೆಯಲ್ಲಿ ಎರಡು ರಾತ್ರಿ ತಂಗಿದ್ದೆವು. ಮೊದಲ ರಾತ್ರಿಯ ಬಂಗಲೆಯನ್ನು ಬೆಂಗಳೂರಿನಲ್ಲಿ ಕುಳಿತು ಬುಕಿಂಗ್ ಆ್ಯಪ್ ಒಂದರ ಮೂಲಕ ಗೊತ್ತುಮಾಡಿಕೊಂಡಿದ್ದೆವು. ಎರಡನೆಯ ರಾತ್ರಿಯ ಮನೆ, ಆ ಬಂಗಲೆಯನ್ನು ಬಿಟ್ಟು ಹೊರಟಾಗ ಜೀಪು ಚಾಲಕರೊಬ್ಬರ ಮಾತಿನ ಮೇಲೆ ಸಿಕ್ಕಿದ್ದು. ಎರಡಕ್ಕೂ ಹೊರಗೆ ಇರುವ ಹೆಸರು ‘ಹೋಮ್‌ಸ್ಟೇ’ ಎಂದೇ. ಆದರೆ ಒಂದರಲ್ಲಿ ಮನೆಯವರು ಇದ್ದರು, ಇನ್ನೊಂದರಲ್ಲಿ ಇರಲಿಲ್ಲ. ಅದೊಂದೇ ವ್ಯತ್ಯಾಸದಿಂದ ಎಷ್ಟೆಲ್ಲ ಹೆಚ್ಚುಕಡಿಮೆ ಆಗಬಹುದು ಎಂಬುದನ್ನು ನಾವು ಇಪ್ಪತ್ನಾಲ್ಕು ಗಂಟೆಗಳೊಳಗೆ ಕಂಡೆವು. ಬಂಗಲೆಯ ಹೆಸರನ್ನಾಗಲಿ ಆ್ಯಪಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಮ್ಮ ದೂರು ಇನ್ನೂ ಇತ್ಯರ್ಥವಾಗಿಲ್ಲ. ಎರಡನೆಯ ಮನೆಯ ಹೆಸರನ್ನು ಬರೆಯಬೇಡಿ ಎಂದು ಮನೆಯೊಡತಿಯೇ ಕೇಳಿಕೊಂಡಿದ್ದಾರೆ. ಇರುವ ಮೂರು ಕೊಠಡಿಗಳಿಗೆ ಈಗ ಬರುವ ಜನವೇ ಸಾಕು ಎಂಬುದು ಅವರ ಮಾತು.

ಬುಕಿಂಗ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ದೋಷ ಅಲ್ಲಿಂದಲೇ ಶುರುವಾಗಿತ್ತು. ಆ್ಯಪಿನ ಮೊದಲ ಪುಟದಲ್ಲಿ ಒಂದು ಕೊಠಡಿಗೆ ಒಂದು ರಾತ್ರಿಗೆ 3,200 ರೂಪಾಯಿ ಎಂದಿತ್ತು. ಮೂರು ಕೊಠಡಿ, ಎರಡು ರಾತ್ರಿ ಎಂದರೆ 19,200 ರೂಪಾಯಿ. ಹಣ ಕಟ್ಟುವ ಪುಟ ತಲುಪುವ ಹೊತ್ತಿಗೆ ಅದಕ್ಕೆ ಶುಚಿಗೊಳಿಸುವ ಶುಲ್ಕ 1,500, ಆ್ಯಪಿನ ಸೇವಾ ಶುಲ್ಕ 2,484, ಬಾಡಿಗೆಯ ಮೇಲಿನ ಜಿಎಸ್‌ಟಿ 1,035, ಸೇವಾ ಶುಲ್ಕದ ಮೇಲಿನ ಜಿಎಸ್‌ಟಿ 447 ಸೇರಿ ಒಟ್ಟು 24,666 ಆಗಿತ್ತು. ತೆರಿಗೆಯ ಬಗ್ಗೆ ನನ್ನ ತಕರಾರಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಸಲಾಗಿದೆ, ಅದರ ಲಾಭ ನಮಗೂ ಸಿಕ್ಕಿದೆ. ತಕರಾರಿರುವುದು, ಮೊದಲೇ ಗೊತ್ತಿದ್ದ ಶುಲ್ಕಗಳನ್ನು ಮರೆಮಾಡಿ ಒಂದೊಂದು ಪುಟದಲ್ಲಿ ಒಂದೊಂದಾಗಿ ಹೊರಗೆ ತೆಗೆಯುವ ಕ್ರಮದ ಬಗ್ಗೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿ ಪಟ್ಟಿಮಾಡಿರುವ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಇದೂ ಒಂದು. ‘ಈ ಬೆಲೆಗೆ ಇನ್ನು ಒಂದೇ ಬಾಕಿ, ಹನ್ನೊಂದು ಮಂದಿ ನೋಡುತ್ತಿದ್ದಾರೆ’ ಎಂದು ಕೆಂಪಕ್ಷರದಲ್ಲಿ ಹೆದರಿಸಿ ಅವಸರಪಡಿಸುವುದೂ ಅದೇ ಪಟ್ಟಿಯಲ್ಲಿದೆ. ನಾವು ಕೇಳದೆಯೇ ಗುರುತು ಹಾಕಿಟ್ಟಿದ್ದ ಪ್ರಯಾಣ ವಿಮೆಯೂ ಅದೇ ಪಟ್ಟಿಯಲ್ಲಿದೆ. ವಿಮೆಯನ್ನು ನನ್ನ ತಂಗಿ ಗಮನಿಸಿ ತೆಗೆದಳು. ಕೆಂಪಕ್ಷರಕ್ಕೆ ನಾನು ಮಣಿದೆ.

ಆ ಪುಟದಲ್ಲಿ ನಲವತ್ತಕ್ಕೂ ಹೆಚ್ಚು ಫೋಟೊಗಳಿದ್ದವು, 4.8 ತಾರೆಗಳಿದ್ದವು, ‘ಕಾಫಿ ತೋಟದ ಕುಟುಂಬದೊಂದಿಗೆ ಮಲೆನಾಡಿನ ಆತಿಥ್ಯ’ ಎಂಬ ಸಾಲಿತ್ತು. ಇರದಿದ್ದದ್ದು ಎರಡೇ: ಮಾಲೀಕರ ಪೂರ್ಣ ಹೆಸರು ಮತ್ತು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ. ಇವೆರಡನ್ನೂ ಅಂದೇ ಹುಡುಕಬೇಕಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಬೇಲೂರು, ಮೂಡಿಗೆರೆ ದಾಟಿ ದೇವರಮನೆ ಕಡೆಯ ಗುಡ್ಡದ ಓರೆಯಲ್ಲಿದ್ದ ಬಂಗಲೆಯನ್ನು ನಾವು ತಲುಪಿದಾಗ ಸಂಜೆ ಐದಾಗಿತ್ತು. ಕಟ್ಟಡ ಹೊಸದು, ನೋಟ ಚೆನ್ನಾಗಿತ್ತು, ಹಾಸಿಗೆಗಳು ಶುಚಿಯಾಗಿದ್ದವು, ಇಷ್ಟನ್ನು ಒಪ್ಪಿಕೊಳ್ಳಬೇಕು. ಆದರೆ ನಮ್ಮನ್ನು ಬರಮಾಡಿಕೊಂಡದ್ದು ಯಾವ ಕುಟುಂಬವೂ ಅಲ್ಲ, ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದ್ದ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಬೆಂಗಳೂರಿನವರು ಯಾರೋ ಬಂಗಲೆಯನ್ನು ಭೋಗ್ಯಕ್ಕೆ ಹಾಕಿಕೊಂಡಿದ್ದಾರೆ, ಅವರನ್ನು ತಾನು ಒಮ್ಮೆ ಮಾತ್ರ ನೋಡಿದ್ದೇನೆ, ತೋಟದ ಯಜಮಾನರು ಯಾರೆಂದು ತನಗೆ ಗೊತ್ತಿಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ನಮ್ಮ ಹೆಸರುಗಳನ್ನು ಬರೆದುಕೊಳ್ಳಲು ಪುಸ್ತಕವಿರಲಿಲ್ಲ. ಅದರ ಬದಲು ಆರೂ ಮಂದಿಯ ಆಧಾರ್ ಕಾರ್ಡಿನ ಫೋಟೊಗಳನ್ನು ಒಂದು ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಬೇಕೆಂಬ ಸೂಚನೆ ಬಂತು. ಆ ಸಂಖ್ಯೆ ಯಾರದು, ಆ ಫೋಟೊಗಳು ಎಷ್ಟು ದಿನ ಯಾರ ಮೊಬೈಲಿನಲ್ಲಿ ಉಳಿಯುತ್ತವೆ ಎಂದು ಕೇಳಿದರೆ ಉತ್ತರಿಸುವವರಿರಲಿಲ್ಲ. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ನಾನು ಕಳಿಸಿದೆ. ಓದುಗರೂ ಹಾಗೆಯೇ ಮಾಡುವುದು ಒಳ್ಳೆಯದು. ವಿದೇಶಿ ಅತಿಥಿ ತಂಗಿದರೆ ಮನೆಯವರು ಇಪ್ಪತ್ನಾಲ್ಕು ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಅಂಥ ನಿಯಮವನ್ನು ಈ ಬಂಗಲೆಯಲ್ಲಿ ಪಾಲಿಸಬಲ್ಲವರು ಯಾರೆಂದು ಕೇಳಿಕೊಂಡರೆ, ಆ ಹದಿನೈದು ದಿನದ ಹುಡುಗನ ಹೊರತು ಬೇರೆ ಯಾರೂ ಕಾಣುವುದಿಲ್ಲ.

ಬಂಗಲೆಯ ಹಿಂದೆ ಗುಡ್ಡವನ್ನು ಲಂಬವಾಗಿ ಕಡಿದು ಮಾಡಿದ ಸಮತಟ್ಟಿನಲ್ಲಿ ಈಜುಕೊಳವಿತ್ತು. ಆಳ ಎಷ್ಟೆಂದು ಎಲ್ಲಿಯೂ ಬರೆದಿರಲಿಲ್ಲ, ಒಂದು ತುದಿ ಇದ್ದಕ್ಕಿದ್ದಂತೆ ಆಳವಾಗುತ್ತಿತ್ತು, ಹಗ್ಗವಾಗಲಿ ತೇಲುವ ಬಳೆಯಾಗಲಿ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ ಉಚ್ಚಿಲದ ಕಡಲ ದಂಡೆಯ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ಸತ್ತ ಸುದ್ದಿ ನಮ್ಮೆಲ್ಲರ ಮನಸ್ಸಿನಲ್ಲಿತ್ತು. ತಂಗಿಯ ಮಗಳಿಗೆ ಹನ್ನೊಂದು ವರ್ಷ. ಅವಳನ್ನು ಕೊಳದ ಹತ್ತಿರ ಬಿಡಲಿಲ್ಲ. ಅಪಾಯವನ್ನು ಗುರುತಿಸಿ ತಪ್ಪಿಸಿಕೊಂಡೆವು ಎಂದು ಆಗ ಅಂದುಕೊಂಡೆವು.

ಅಪಾಯ ಕಾದಿದ್ದದ್ದು ಬಚ್ಚಲುಮನೆಯಲ್ಲಿ. ರಾತ್ರಿ ಎಂಟರ ಸುಮಾರಿಗೆ ಸ್ನಾನಕ್ಕೆ ಹೋದ ಹುಡುಗಿ ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಕರೆದಾಗ ಕ್ಷೀಣವಾಗಿ ಓಗೊಟ್ಟು, ಗೋಡೆ ಹಿಡಿದುಕೊಂಡು ಹೊರಬಂದವಳು ಬಾಗಿಲ ಬಳಿಯೇ ಕುಸಿದು ವಾಂತಿ ಮಾಡಿಕೊಂಡಳು. ಒಳಗೆ ನೋಡಿದರೆ ಗಾಳಿಗೂಡು ಇಲ್ಲದ ಪುಟ್ಟ ಬಚ್ಚಲು. ತಲೆಯೆತ್ತರದಲ್ಲಿ ಗ್ಯಾಸ್ ಗೀಸರ್, ಅದರ ಹೊಗೆ ಹೊರಹೋಗಲು ಕೊಳವೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದು ಆಮ್ಲಜನಕ ಕಡಿಮೆಯಾದರೆ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡುತ್ತಿರುವವರಿಗೆ ಅದರ ಅರಿವೇ ಆಗುವುದಿಲ್ಲ. ಹುಡುಗನಿಗೆ ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿಯದು, ಬಂಗಲೆಯನ್ನು ಭೋಗ್ಯಕ್ಕೆ ಪಡೆದವರು ಫೋನ್ ಎತ್ತಲಿಲ್ಲ, ಆ್ಯಪಿನ ತುರ್ತು ಸಂಖ್ಯೆಯಲ್ಲಿ ಧ್ವನಿಮುದ್ರಿತ ಮಾತು ಒಂದನ್ನೊತ್ತಿ, ಎರಡನ್ನೊತ್ತಿ ಎಂದು ಹೇಳುತ್ತಲೇ ಇತ್ತು. ಮಧ್ಯಾಹ್ನ ಗುಡ್ಡ ತೋರಿಸಿದ್ದ ಜೀಪು ಚಾಲಕರ ಸಂಖ್ಯೆ ನನ್ನ ಬಳಿ ಇದ್ದದ್ದು ನಮ್ಮ ಪುಣ್ಯ. ‘ಗಾಬರಿ ಆಗ್ಬೇಡಿ ಸಾರ್, ಹೊರಗೆ ಗಾಳೀಲಿ ಕೂರಿಸಿ, ನಾನು ಬಂದೆ’ ಎಂದವರು ಇಪ್ಪತ್ತೈದು ನಿಮಿಷದಲ್ಲಿ ಬಂದರು. ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮೂರು ಗಂಟೆ ನೋಡಿಕೊಂಡರು. ಬಾಗಿಲಿಗೆ ಚಿಲಕ ಹಾಕದೆ ಇದ್ದದ್ದು, ಅವಳೇ ನಡೆದು ಹೊರಗೆ ಬಂದದ್ದು, ಇವೆರಡೂ ಅವಳನ್ನು ಉಳಿಸಿದವು ಎಂದು ಕರ್ತವ್ಯದಲ್ಲಿದ್ದ ವೈದ್ಯೆ ಹೇಳಿದರು. ಹುಡುಗಿ ಈಗ ಆರೋಗ್ಯವಾಗಿದ್ದಾಳೆ. ನನ್ನ ತಾಯಿ ಮಾತ್ರ ಆ ರಾತ್ರಿಯ ನಂತರ ಯಾವ ಊರಿಗೆ ಹೋದರೂ ಮೊದಲು ಬಚ್ಚಲುಮನೆಯ ಕಿಟಕಿ ನೋಡುತ್ತಾರೆ.

ಆ ಬಂಗಲೆಯನ್ನು ಹೋಮ್‌ಸ್ಟೇ ಎಂದು ಕರೆಯಬಹುದೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯ ಪ್ರಕಾರ ಮಾಲೀಕರು ಅಥವಾ ಅವರ ಕುಟುಂಬದವರು ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಕೊಡುವ ಕೊಠಡಿಗಳು ಒಂದರಿಂದ ಆರರವರೆಗೆ ಇರಬಹುದು, ಹಾಸಿಗೆಗಳು ಹನ್ನೆರಡನ್ನು ಮೀರಬಾರದು. ಪರಿಶೀಲನೆಯ ಬಳಿಕ ಮನೆಗೆ ಬೆಳ್ಳಿ ಅಥವಾ ಚಿನ್ನದ ದರ್ಜೆ ದೊರೆಯುತ್ತದೆ. ಕರ್ನಾಟಕದಲ್ಲಿ ಪ್ರವಾಸೋದ್ಯಮದ ವ್ಯಾಪಾರವನ್ನು ನೋಂದಣಿಯ ಚೌಕಟ್ಟಿಗೆ ತರುವ ಕಾಯ್ದೆ 2015ರಲ್ಲಿಯೇ ಬಂದಿದೆ, ಹೋಮ್‌ಸ್ಟೇಗಳನ್ನು ರಾಜ್ಯದ ಪ್ರವಾಸೋದ್ಯಮ ಇಲಾಖೆ ನೋಂದಾಯಿಸುತ್ತದೆ. ಅಂದರೆ ಪದಕ್ಕೆ ಅರ್ಥವಿಲ್ಲದಿಲ್ಲ. ಮನೆಯವರು ವಾಸವಿರಬೇಕು ಎಂಬ ಷರತ್ತು ಅಲಂಕಾರಕ್ಕೆ ಸೇರಿಸಿದ್ದೂ ಅಲ್ಲ. ಮನೆಯವರು ಆ ಬಚ್ಚಲಿನಲ್ಲಿ ತಾವೂ ಸ್ನಾನ ಮಾಡುವವರಾಗಿದ್ದರೆ ಅಂಥ ಗೀಸರ್ ಅಲ್ಲಿ ಒಂದು ವಾರವೂ ಉಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಭೋಗ್ಯಕ್ಕೆ ಪಡೆದು, ಕೆಲಸದ ಹುಡುಗನೊಬ್ಬನನ್ನು ಇಟ್ಟು, ರಾತ್ರಿಗೆ ಇಷ್ಟೆಂದು ಬಾಡಿಗೆಗೆ ಬಿಡುವುದು ವಸತಿಗೃಹದ ವ್ಯಾಪಾರ. ವಸತಿಗೃಹ ನಡೆಸುವುದು ತಪ್ಪಲ್ಲ. ವಸತಿಗೃಹಕ್ಕೆ ಬೇಕಾದ ಅನುಮತಿಗಳನ್ನೂ ಅಗ್ನಿಸುರಕ್ಷತೆಯ ಏರ್ಪಾಡುಗಳನ್ನೂ ತಪ್ಪಿಸಿಕೊಳ್ಳಲು ಹೋಮ್‌ಸ್ಟೇ ಎಂಬ ಹೆಸರಿನ ಮರೆಗೆ ನಿಲ್ಲುವುದು ತಪ್ಪು.

ಮರುದಿನ ಬೆಳಿಗ್ಗೆ ಅದೇ ಚಾಲಕರು ನಮ್ಮನ್ನು ಕೊಟ್ಟಿಗೆಹಾರಕ್ಕೆ ಕರೆತಂದು, ನೀರು ದೋಸೆ ತಿನ್ನಿಸಿ, ಅಲ್ಲಿಂದ ಕಳಸದ ಕಡೆಗೆ ಹೋಗುವ ರಸ್ತೆಯಲ್ಲಿ ಒಳಗಿದ್ದ ಒಂದು ಹಂಚಿನ ಮನೆಗೆ ಕರೆದೊಯ್ದರು. ‘ಇಲ್ಲಿ ಈಜುಕೊಳ ಇಲ್ಲ ಸಾರ್, ಆದ್ರೆ ಜನ ಇದ್ದಾರೆ’ ಎಂದದ್ದು ಅವರೇ. ಜಗುಲಿಯ ಗೋಡೆಯ ಮೇಲೆ, ಹಿರಿಯರ ಫೋಟೊಗಳ ಪಕ್ಕದಲ್ಲಿ, ಇಲಾಖೆಯ ನೋಂದಣಿ ಪತ್ರ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಅದರ ಕೆಳಗೆ ಪೊಲೀಸ್ ಠಾಣೆಯ ಸಂಖ್ಯೆ, ಹತ್ತಿರದ ವೈದ್ಯರ ಸಂಖ್ಯೆ, ಹಾವು ಹಿಡಿಯುವವರ ಸಂಖ್ಯೆಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಅರವತ್ತು ದಾಟಿದ ಮನೆಯೊಡತಿ ಮೊದಲು ಹುಡುಗಿಯ ಮುಖ ನೋಡಿ, ನಡೆದದ್ದನ್ನು ಕೇಳಿ, ‘ಅಯ್ಯೋ ಮಗು’ ಎಂದು ಅವಳಿಗೆ ಬಿಸಿ ಗಂಜಿ ಕೊಟ್ಟ ಮೇಲೆ ಪುಸ್ತಕ ತೆರೆದರು. ಆರು ಹೆಸರು, ಊರು, ವಾಹನದ ಸಂಖ್ಯೆ, ಬಂದ ಹೊತ್ತು ಎಲ್ಲವನ್ನೂ ತಾವೇ ಬರೆದು, ಗುರುತಿನ ಚೀಟಿಗಳನ್ನು ಕಣ್ಣಲ್ಲಿ ನೋಡಿ ನಮ್ಮ ಕೈಗೇ ಹಿಂತಿರುಗಿಸಿದರು.

ಸ್ನಾನಕ್ಕೆ ನೀರು ಹಿತ್ತಲ ಹಂಡೆಯೊಲೆಯಲ್ಲಿ ಕಾಯುತ್ತಿತ್ತು, ಉರಿ ಹೊರಗೆ, ಬಿಸಿನೀರಿನ ನಲ್ಲಿ ಒಳಗೆ. ಮಧ್ಯಾಹ್ನ ಅಕ್ಕಿ ರೊಟ್ಟಿ, ಕೆಸುವಿನ ಸೊಪ್ಪಿನ ಪಲ್ಯ, ಬಸಳೆ ಸಾರು, ಮನೆಯ ಅಪ್ಪೆಮಿಡಿ. ರಾತ್ರಿ ಕಡುಬು, ಕಾಯಿ ಚಟ್ನಿ ಮತ್ತು ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರು. ತಲೆಗೆ 2,200 ರೂಪಾಯಿ, ಊಟ ತಿಂಡಿ ಎಲ್ಲವೂ ಅದರಲ್ಲೇ. ಆರು ಮಂದಿಗೆ 13,200. ಅದಕ್ಕೆ ಯಾವ ಶುಲ್ಕವೂ ಆಮೇಲೆ ಬಂದು ಸೇರಲಿಲ್ಲ. ಕಾಫಿ ಹಣ್ಣು ಕುಯ್ಯುವ ಸಮಯವಾದ್ದರಿಂದ ಮನೆಯ ಮುಂದಿನ ಕಣದಲ್ಲಿ ಕಾಫಿ ಹರಡಿತ್ತು. ಹುಡುಗಿ ಸಂಜೆಯವರೆಗೂ ಮನೆಯೊಡತಿಯ ಮೊಮ್ಮಗನ ಜೊತೆ ಅದನ್ನು ಎಳೆಯುತ್ತಾ ಹರಗುತ್ತಾ ಇದ್ದಳು. ಕೊರತೆಗಳೂ ಇದ್ದವು: ಒಂದು ಕೊಠಡಿಗೆ ಹೊಂದಿಕೊಂಡ ಶೌಚಾಲಯವಿಲ್ಲ, ಮಂಚಗಳು ಹಳೆಯವು, ಮೊಬೈಲ್ ಸಿಗ್ನಲ್ ಕಣದ ಮೂಲೆಯಲ್ಲಿ ನಿಂತರೆ ಮಾತ್ರ, ಮತ್ತು ಮೆಟ್ಟಿಲುಗಳು ನನ್ನ 78 ವರ್ಷದ ತಾಯಿಗೆ ಕಷ್ಟವಾದವು. ತುಂಬ ಅನುಕೂಲ ಬಯಸುವವರಿಗೆ ಈ ಮನೆ ಹಿಡಿಸಲಾರದು.

ರಾತ್ರಿ ಊಟದ ನಂತರ ಮನೆಯೊಡತಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಿಯಂತ್ರಣ ಬೇಕು ಎಂದು ಕೂಗುವ ನನ್ನಂಥವರು ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುತ್ತೇವೆ. ಮೂರು ಕೊಠಡಿಯ ನೋಂದಣಿಗಾಗಿ ಅವರು ಗ್ರಾಮ ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ, ಪೊಲೀಸರಿಂದ ಪರಿಶೀಲನಾ ಪತ್ರ ಎಂದು ಏಳು ತಿಂಗಳು ಓಡಾಡಿದ್ದಾರೆ. ಪತಿ ತೀರಿಕೊಂಡು, ಮೆಣಸಿಗೆ ರೋಗ ತಗುಲಿ, ತೋಟದ ಆದಾಯ ಕೈಕೊಟ್ಟ ವರ್ಷ ಅವರು ಕೊಠಡಿಗಳನ್ನು ಅತಿಥಿಗಳಿಗೆ ತೆರೆದದ್ದು. ‘ನಾನು ಎಲ್ಲ ಕಾಗದ ಮಾಡಿಸ್ಕೊಂಡು ಮೂರು ಕೊಠಡಿ ಇಟ್ಕೊಂಡಿದೀನಿ, ಆ ಮೇಲಿನ ಗುಡ್ಡದಲ್ಲಿ ಕಾಗದವೇ ಇಲ್ದೆ ಹತ್ತು ಕೊಠಡಿ ನಡೀತಿವೆ. ಯಾರ್ನ ಕೇಳೋದು?’ ಎಂದರು. ಕಾನೂನು ಪಾಲಿಸಿದವರಿಗೆ ಖರ್ಚು, ಪಾಲಿಸದವರಿಗೆ ಲಾಭ ಎಂಬ ಸ್ಥಿತಿ ಹೀಗೆಯೇ ಮುಂದುವರಿದರೆ ನೋಂದಾಯಿಸಿಕೊಂಡವರೂ ಒಂದು ದಿನ ಅದನ್ನು ಬಿಟ್ಟುಬಿಡುತ್ತಾರೆ.

ಅವರೂ ಎರಡು ವರ್ಷ ಒಂದು ಬುಕಿಂಗ್ ಜಾಲತಾಣದಲ್ಲಿದ್ದರು. ನೂರಕ್ಕೆ ಹದಿನೆಂಟು ರೂಪಾಯಿ ದಲ್ಲಾಳಿ ಹಣ ಹೋಗುತ್ತಿತ್ತು. ಅದಕ್ಕಿಂತಲೂ ಅವರಿಗೆ ನೋವಾದದ್ದು, ಹಳೆಯ ಅತಿಥಿಗಳು ನೇರವಾಗಿ ಫೋನ್ ಮಾಡಿದಾಗ ಕಡಿಮೆ ದರ ಹೇಳಿದ್ದಕ್ಕೆ ಬಂದ ಎಚ್ಚರಿಕೆಯ ಕರೆ. ನನ್ನ ಮನೆಗೆ ನಾನು ದರ ಹೇಳಬಾರದೇ ಎಂದು ಕೇಳಿ ಅವರು ಹೊರಬಂದರು. ಈ ದರ ಸಮಾನತೆಯ ಕರಾರು ಸಣ್ಣ ವಿಷಯವಲ್ಲ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊ ಸಮೂಹಕ್ಕೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿದ ಪ್ರಕರಣದಲ್ಲಿ, ಹೋಟೆಲುಗಳು ಬೇರೆಡೆ ಕಡಿಮೆ ದರಕ್ಕೆ ಕೊಠಡಿ ಕೊಡದಂತೆ ಕಟ್ಟಿಹಾಕುವ ಇಂಥ ಕರಾರುಗಳೂ ಮುಖ್ಯ ಆಕ್ಷೇಪಗಳಲ್ಲಿ ಸೇರಿದ್ದವು. ದೊಡ್ಡ ಹೋಟೆಲುಗಳಿಗೆ ಸಂಘಗಳಿವೆ, ವಕೀಲರಿದ್ದಾರೆ. ಮೂರು ಕೊಠಡಿಯ ಮನೆಗೆ ಇವರಾರೂ ಇಲ್ಲ. ಹಾಗೆಂದು ಈ ತಾಣಗಳೆಲ್ಲ ಕೆಟ್ಟವು ಎಂದು ನಾನು ಹೇಳಲಾರೆ. ಬಸ್ಸೇ ಹೋಗದ ಊರಿನ ಮನೆಯೊಂದನ್ನು ಹುಬ್ಬಳ್ಳಿಯವರೂ ಚೆನ್ನೈಯವರೂ ಕಂಡುಕೊಳ್ಳುವಂತೆ ಮಾಡಿದ್ದು ಅವೇ, ಮತ್ತು ಈ ಮನೆಯೊಡತಿಯ ಮೊದಲ ನೂರು ಅತಿಥಿಗಳು ಬಂದದ್ದೂ ಆ ದಾರಿಯಲ್ಲೇ.

ಇನ್ನು ದೂರಿನ ವಿಷಯ. ಡಿಸೆಂಬರ್ 29ರಂದು ಆ್ಯಪಿಗೆ ಆಸ್ಪತ್ರೆಯ ಚೀಟಿ, ಗೀಸರ್‌ನ ಫೋಟೊ ಸಹಿತ ಬರೆದೆ. ಗ್ರಾಹಕ ಸಂರಕ್ಷಣೆಯ 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಸಂಸ್ಥೆ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಸಂಪರ್ಕವನ್ನೂ ಪ್ರಕಟಿಸಬೇಕು, ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ಹೆಸರನ್ನು ಹುಡುಕಲು ನನಗೆ ಅರ್ಧ ದಿನ ಹಿಡಿಯಿತು. ಹನ್ನೆರಡನೆಯ ದಿನ ಬಂದ ಉತ್ತರ ಎರಡು ಸಾಲಿನದು: ನಾವು ಮಧ್ಯವರ್ತಿಗಳಷ್ಟೆ, ಕಟ್ಟಡದ ಸ್ಥಿತಿಗೆ ಮಾಲೀಕರು ಹೊಣೆ, ಒಳಗೆ ಕಾಲಿಟ್ಟ ಮೇಲೆ ಹಣ ಹಿಂತಿರುಗುವುದಿಲ್ಲ. ಮಾಲೀಕರು ಯಾರೆಂದು ಕೇಳಿದ್ದಕ್ಕೆ ಖಾಸಗಿತನದ ಕಾರಣ ಕೊಟ್ಟರು. ಆದರೆ ಅದೇ 2020ರ ನಿಯಮಗಳು ಮಾರಾಟಗಾರರ ವ್ಯವಹಾರದ ಹೆಸರು, ಅದು ನೋಂದಾಯಿತವೇ ಅಲ್ಲವೇ ಎಂಬ ಮಾಹಿತಿ, ಭೌಗೋಳಿಕ ವಿಳಾಸ ಇವೆಲ್ಲ ಗ್ರಾಹಕರಿಗೆ ಖರೀದಿಗೆ ಮೊದಲೇ ಕಾಣಬೇಕು ಎನ್ನುತ್ತವೆ. ಹಣ ಪಡೆಯುವಾಗ 2,484 ರೂಪಾಯಿಯ ಸೇವೆ ಸಲ್ಲಿಸಿದೆವು ಎನ್ನುವ ಸಂಸ್ಥೆ, ಮಗು ಬಿದ್ದಾಗ ತನಗೂ ಕಟ್ಟಡಕ್ಕೂ ಸಂಬಂಧವಿಲ್ಲ ಎಂದರೆ ಆ ಸೇವೆ ಯಾವುದು ಎಂಬ ನನ್ನ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ, ಮೂವತ್ತೊಂದನೆಯ ದಿನ ಎರಡನೆಯ ರಾತ್ರಿಯ ಬಾಡಿಗೆ 9,600 ರೂಪಾಯಿ ಮಾತ್ರ ಮರಳಿ ಬಂತು. ಉಳಿದದ್ದಕ್ಕಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇನೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಗಳ ದೂರಿಗೆ ಅಲ್ಲಿ ಶುಲ್ಕವಿಲ್ಲ, ಮತ್ತು 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಇದು ತಿಳಿದಿದ್ದರೆ ಎಷ್ಟೋ ಮಂದಿ ಸುಮ್ಮನಾಗುವುದಿಲ್ಲ.

ಬುಕಿಂಗ್ ಸಂಸ್ಥೆಗಳು ಹೊಣೆ ಹೊರುವುದು ಅಸಾಧ್ಯವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಮನಸ್ಸಿದ್ದರೆ ಅವು ಎಷ್ಟು ಬೇಗ ನಿಯಮ ಮಾಡಬಲ್ಲವು ಎಂಬುದಕ್ಕೆ ನಾವು ಬಳಸದ ಬೇರೊಂದು ಸಂಸ್ಥೆಯ ಉದಾಹರಣೆಯಿದೆ: ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಜಗತ್ತಿನಾದ್ಯಂತ ತನ್ನ ಮನೆಗಳ ಒಳಗೆ ಕಣ್ಗಾವಲು ಕ್ಯಾಮೆರಾ ಇಡುವುದನ್ನು ನಿಷೇಧಿಸಿತು. ಕಾನೂನಿನ ಒತ್ತಡದಿಂದಲೂ ಇದು ಆಗುತ್ತದೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್ 5ರಿಂದ ಜಾರಿಯಾದ ‘ಲೋಕಲ್ ಲಾ 18’ ಪ್ರಕಾರ ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಂಡಿರಬೇಕು ಮತ್ತು ಅತಿಥಿಗಳು ಇರುವಷ್ಟು ದಿನ ಅದೇ ಮನೆಯಲ್ಲಿರಬೇಕು. ನೋಂದಣಿಯಿಲ್ಲದ ಮನೆಯ ಹಣವನ್ನು ಬುಕಿಂಗ್ ಸಂಸ್ಥೆ ಪಡೆಯುವಂತೆಯೇ ಇಲ್ಲ. ಅಲ್ಲಿಯ ಮತ್ತು ಬಾರ್ಸಿಲೋನಾದಂಥ ನಗರಗಳ ಸಂಕಟ ಬೇರೆ: ಊರಿನವರಿಗೆ ಬಾಡಿಗೆ ಮನೆ ಸಿಗುತ್ತಿಲ್ಲ ಎಂಬುದು. ಬಾರ್ಸಿಲೋನಾ 2028ರ ಹೊತ್ತಿಗೆ ಸುಮಾರು ಹತ್ತು ಸಾವಿರ ಪ್ರವಾಸಿ ಮನೆಗಳ ಪರವಾನಗಿಯನ್ನು ಕೊನೆಗೊಳಿಸುವುದಾಗಿ ಸಾರಿದೆ. ಮಲೆನಾಡಿಗೆ ಅಂಥ ಪೂರ್ಣ ನಿಷೇಧ ಬೇಡ, ಅದು ನಮ್ಮ ಮನೆಯೊಡತಿಯಂಥವರ ಅನ್ನ ಕಸಿಯುತ್ತದೆ. ಆದರೆ ನ್ಯೂಯಾರ್ಕಿನ ಆ ಒಂದು ಏರ್ಪಾಡು, ಅಂದರೆ ಸಂಖ್ಯೆಯಿಲ್ಲದಿದ್ದರೆ ಪುಟವಿಲ್ಲ, ಪುಟವಿಲ್ಲದಿದ್ದರೆ ಹಣವಿಲ್ಲ ಎಂಬುದು ನಮಗೆ ನಾಳೆಯೇ ಬೇಕು. ಇಲಾಖೆಯ ಬಳಿ ನೋಂದಾಯಿತ ಮನೆಗಳ ಪಟ್ಟಿಯಿದೆ, ಆ್ಯಪುಗಳ ಬಳಿ ಮಾರಾಟಕ್ಕಿಟ್ಟ ಮನೆಗಳ ಪಟ್ಟಿಯಿದೆ. ಎರಡನ್ನೂ ಹೋಲಿಸುವುದಕ್ಕೆ ಗುಡ್ಡ ಹತ್ತಿ ತನಿಖೆ ಮಾಡಬೇಕಾಗಿಲ್ಲ.

ಸುರಕ್ಷತೆಯ ಜೊತೆಗೆ ಇಲ್ಲಿ ನೆಲದ ಪ್ರಶ್ನೆಯೂ ಇದೆ. 2019ರ ಆಗಸ್ಟ್‌ನ ಮಳೆಯಲ್ಲಿ ಇದೇ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹೋದವು. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಇಳಿಜಾರನ್ನು ಲಂಬವಾಗಿ ಕಡಿದು ಮೇಲೆ ನೀರಿನ ಕೊಳ ಕಟ್ಟುವವರು ಕೆಳಗಿನ ಲೈನ್ ಮನೆಗಳಲ್ಲಿ ಮಲಗಿರುವ ಕಾರ್ಮಿಕರ ಜೀವದ ಜೊತೆ ಆಡುತ್ತಿದ್ದಾರೆ. ಕೃಷಿ ಭೂಮಿಯಲ್ಲಿ ವಾಣಿಜ್ಯ ಕಟ್ಟಡ ಕಟ್ಟಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಬಂಗಲೆಗೆ ಹೋಮ್‌ಸ್ಟೇ ಎಂಬ ಹೆಸರು ಹಚ್ಚಿದರೆ ಈ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಕೇಳದೆ ಬಿಟ್ಟರೆ ಕೊನೆಗೆ ಏನಾಗುತ್ತದೆ ಎಂಬುದನ್ನು ತುಂಗಭದ್ರೆಯ ದಡದ ವಿರೂಪಾಪುರ ಗಡ್ಡೆಯಲ್ಲಿ ಕಂಡಿದ್ದೇವೆ. ಹಂಪಿ ವಿಶ್ವ ಪರಂಪರೆ ಪ್ರದೇಶದೊಳಗೆ ವರ್ಷಗಟ್ಟಲೆ ಬೆಳೆಯಲು ಬಿಟ್ಟ ಗೆಸ್ಟ್‌ಹೌಸ್‌ಗಳನ್ನು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದ ಮೇಲೆ, ಮಾರ್ಚ್‌ನಲ್ಲಿ ಜೆಸಿಬಿ ತಂದು ಕೆಡವಲಾಯಿತು. ತೀರ್ಪು ಸರಿಯಾದದ್ದೇ. ಆದರೆ ಮೊದಲ ಕಟ್ಟಡ ಎದ್ದ ದಿನವೇ ತಡೆದಿದ್ದರೆ, ಅಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು ಬದುಕುತ್ತಿದ್ದವರು ಒಂದೇ ವಾರದಲ್ಲಿ ಬೀದಿಗೆ ಬೀಳುತ್ತಿರಲಿಲ್ಲ.

ಬಂಗಲೆಗೆ ನಾನು ಕೊಡುವುದು ಐದರಲ್ಲಿ ಒಂದು ತಾರೆ. ಅದೂ ಗಾಬರಿಯಲ್ಲಿಯೂ ನಮ್ಮೊಡನೆ ಆಸ್ಪತ್ರೆಯವರೆಗೆ ಬಂದ ಆ ಹುಡುಗನಿಗಾಗಿ. ಬುಕಿಂಗ್ ಆ್ಯಪಿಗೆ ಅದಕ್ಕಿಂತ ಕಡಿಮೆ ಕೊಡಲು ಆಗುತ್ತಿದ್ದರೆ ಕೊಡುತ್ತಿದ್ದೆ. ಅಲ್ಲಿ ನಾನು ಬರೆದ ವಿಮರ್ಶೆ, ನೋಂದಣಿ ಸಂಖ್ಯೆ ಇಲ್ಲವೆಂಬ ಸಾಲನ್ನು ತೆಗೆದ ನಂತರವಷ್ಟೇ ಪ್ರಕಟವಾಯಿತು, ಮತ್ತು ಬಂಗಲೆ ಇಂದಿಗೂ ಅದೇ ಹೆಸರಿನಲ್ಲಿ ಅದೇ ಕೆಂಪಕ್ಷರದೊಡನೆ ಮಾರಾಟದಲ್ಲಿದೆ. ಚಿಕ್ಕಮಗಳೂರಿನ ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಗೀಸರ್‌ನ ಫೋಟೊ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.

ಹಂಚಿನ ಮನೆಗೆ ನಾಲ್ಕೂವರೆ. ಹೋಗಬಯಸುವವರು ತಿಳಿದಿರಬೇಕಾದದ್ದು, ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಅವರು ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮಂಜು ನೋಡಲು ಬರುತ್ತೇವೆ, ಎರಡರಷ್ಟು ಕೊಡುತ್ತೇವೆ ಎಂದು ಕೇಳುವವರಿಗೂ ಅವರದು ಒಂದೇ ಉತ್ತರ: ರಸ್ತೆಯ ಎರಡು ತಿರುವುಗಳಲ್ಲಿ ಮಣ್ಣು ಜಾರುತ್ತದೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಜೀಪು ಬರಲಾಗುವುದಿಲ್ಲ. ನಾವು ಏಪ್ರಿಲ್ ಎರಡನೆಯ ವಾರಕ್ಕೆ, ಕಾಫಿ ಹೂವು ಉದುರಿದ ಮೇಲೆ, ಎರಡು ಕೊಠಡಿ ಕೇಳಿದ್ದೇವೆ. ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿದ್ದೇನೆ, ಅಮ್ಮನನ್ನೂ ಕರೆತನ್ನಿ ಎಂದು ಅವರು ಕಳೆದ ವಾರ ಫೋನ್ ಮಾಡಿದ್ದರು.